ಚಿರ್ ಕಾಡಿನ ಬೆಂಕಿ: ಯಾವ ತಿಂಗಳು, ಯಾರ ಕೈ?

(ಸಂಡೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರು, ಕುರಿಗಾಹಿಗಳು ಮತ್ತು ಕಾಡಿನ ಬೆಂಕಿ ಕಾವಲುಗಾರರ ಮುಂದೆ ಆಡಿದ ಮಾತಿನ ಬರಹ ರೂಪ)

ಬಳ್ಳಾರಿ ಜಿಲ್ಲೆಯಲ್ಲಿ ನಿಂತು ಹಿಮಾಲಯದ ಮರದ ಬಗ್ಗೆ ಮಾತಾಡುವುದು ಸ್ವಲ್ಪ ವಿಚಿತ್ರವೇ. ನಮ್ಮ ಕಡೆ ಪೈನ್ ಮರ ಅಂದರೆ ಊಟಿ. ಪ್ರವಾಸಕ್ಕೆ ಹೋದವರು ಸಾಲು ಮರಗಳ ನಡುವೆ ನಿಂತು ಫೋಟೋ ತೆಗೆಸಿಕೊಂಡಿರುತ್ತೀರಿ. ಅವು ಹೊರದೇಶದಿಂದ ತಂದು ನೆಟ್ಟ ಮರಗಳು. ನಾನು ಹೇಳಲು ಬಂದಿರುವುದು ನಮ್ಮ ದೇಶದ್ದೇ ಪೈನ್ ಬಗ್ಗೆ. ಅದರ ಹೆಸರು ಚಿರ್. ಏಪ್ರಿಲ್, ಮೇ ಬಂತೆಂದರೆ ಟಿವಿಯಲ್ಲಿ ಉತ್ತರಾಖಂಡದ ಗುಡ್ಡಗಳು ರಾತ್ರಿ ಹೊತ್ತು ಕೆಂಪಗೆ ಕಾಣುತ್ತವಲ್ಲ, ಆ ಬೆಂಕಿಯ ದೊಡ್ಡ ಪಾಲು ಓಡುವುದು ಈ ಮರದ ಕೆಳಗೆ.

ಸಂಡೂರಿನ ಗುಡ್ಡಕ್ಕೆ ಬೆಂಕಿ ಬಿದ್ದರೆ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ: ಯಾರು ಹಚ್ಚಿದರು? ಪೇಪರಿನವರೂ ಅದನ್ನೇ ಕೇಳುತ್ತಾರೆ, ಸಾಹೇಬರೂ ಅದನ್ನೇ ಕೇಳುತ್ತಾರೆ. ಚಿರ್ ಕಾಡಿನ ಕತೆ ಓದುತ್ತಾ, ನೋಡುತ್ತಾ ಹೋದಂತೆ ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ ಅನ್ನಿಸಿತು. ಯಾವಾಗ ಹಚ್ಚಿದರು? ಅದೇ ಗುಡ್ಡ, ಅದೇ ಬೆಂಕಿಪೊಟ್ಟಣ. ಜನವರಿಯಲ್ಲಿ ಗೀರಿದರೆ ಒಂದು ಕಾಡು ಉಳಿಯುತ್ತದೆ, ಮೇನಲ್ಲಿ ಗೀರಿದರೆ ಇನ್ನೊಂದು. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮೊದಲು ಮರ ನೋಡೋಣ. ಈ ಸೂಜಿ ಎಲೆಗಳನ್ನು ಕೈಯಿಂದ ಕೈಗೆ ದಾಟಿಸಿ. ಬುಡದಲ್ಲಿ ನೋಡಿ, ಮೂರು ಮೂರು ಎಲೆ ಒಂದೇ ಕಟ್ಟಿನಲ್ಲಿವೆ. ಒಂದೊಂದೂ ಸುಮಾರು ಒಂದು ಗೇಣು, ಕೆಲವು ಅದಕ್ಕಿಂತ ಉದ್ದ. ಹಿಮಾಲಯದ ಬೇರೆ ಪೈನುಗಳಲ್ಲಿ ಒಂದು ಕಟ್ಟಿಗೆ ಐದು ಎಲೆ ಇರುವುದೂ ಉಂಟು. ಈ ಕಾಯಿಯನ್ನೂ ನೋಡಿ, ಮರದ ಚಕ್ಕೆಗಳನ್ನು ಜೋಡಿಸಿ ಮಾಡಿದ ಹಾಗಿದೆ. ಇದು ಬಲಿಯುವುದಕ್ಕೆ ಎರಡು ವರ್ಷ ಬೇಕು. ಒಣಗಿದ್ದು ಎಷ್ಟು ಹಗುರ ಅಂತ ಕೈಯಲ್ಲಿ ತೂಗಿ ನೋಡಿಕೊಳ್ಳಿ. ಆಮೇಲೆ ಅದು ಮಾಡುವ ಒಂದು ಕಿತಾಪತಿ ಹೇಳುತ್ತೇನೆ.

ಇದರ ವೈಜ್ಞಾನಿಕ ಹೆಸರು ಪೈನಸ್ ರಾಕ್ಸ್‌ಬರ್ಗಿ. ವಿಲಿಯಂ ರಾಕ್ಸ್‌ಬರ್ಗ್ ಅಂತ ಕಂಪನಿ ಸರ್ಕಾರದ ಸಸ್ಯಶಾಸ್ತ್ರಜ್ಞ ಇದ್ದ. ಕಲ್ಕತ್ತಾದ ಗಾರ್ಡನ್ನಿಗೆ ಹೋಗುವ ಮೊದಲು ವರ್ಷಗಟ್ಟಲೆ ಆಂಧ್ರದ ಸಾಮಲಕೋಟದಲ್ಲಿ ಕೆಲಸ ಮಾಡಿದವನು. ನಮಗೆ ದೂರದ ನೆಂಟ ಅಂದುಕೊಳ್ಳಿ. 1897ರಲ್ಲಿ ಸಾರ್ಜೆಂಟ್ ಎಂಬ ಅಮೆರಿಕದವನು ಮರಕ್ಕೆ ಅವನ ಹೆಸರಿಟ್ಟ. ಅದಿರಲಿ. ಚಿರ್ ಬೆಳೆಯುವುದು ಹಿಮಾಲಯದ ಕೆಳಗಿನ ಮಡಿಲಿನಲ್ಲಿ, ಹೆಚ್ಚುಕಡಿಮೆ 500ರಿಂದ 2,000 ಮೀಟರ್ ಎತ್ತರದ ತನಕ. ಹಿಮ ಬೀಳುವ ತುದಿಯ ಮರ ಇದಲ್ಲ, ಸೆಖೆಯ ಇಳಿಜಾರಿನ ಮರ. ಉತ್ತರಾಖಂಡದಲ್ಲಿ ಮಾತ್ರ 4 ಲಕ್ಷ ಹೆಕ್ಟೇರಿಗೆ ಹತ್ತಿರ ಚಿರ್ ಕಾಡಿದೆ.

ಈಗ ಅದರ ಕ್ಯಾಲೆಂಡರ್. ಚಿರ್ ತನ್ನ ಹಳೆ ಎಲೆಗಳನ್ನು ಜಾಸ್ತಿ ಉದುರಿಸುವುದು ಏಪ್ರಿಲ್ ನಡುವಿನಿಂದ ಜೂನ್ ತನಕ. ಬಿಸಿಲು ನೆತ್ತಿ ಸುಡುವ ಹೊತ್ತು, ಗಾಳಿ ಒಣಗಿರುವ ಹೊತ್ತು, ಮಳೆಗೆ ಇನ್ನೂ ವಾರಗಟ್ಟಲೆ ಕಾಯಬೇಕಾದ ಹೊತ್ತು. ಆ ಹೊತ್ತಿಗೇ ನೆಲದ ಮೇಲೆ ಎಲೆಯ ಹಾಸು ಬೀಳುತ್ತದೆ. ಅಲ್ಲಿನ ಜನ ಇದನ್ನು ಪಿರೂಲ್ ಅನ್ನುತ್ತಾರೆ. ಸಿರುಗುಪ್ಪದ ಕಡೆ ಮಿಷನ್ ಕಟಾವು ಆದ ಮೇಲೆ ಗದ್ದೆಯಲ್ಲಿ ಭತ್ತದ ಹುಲ್ಲು ಅಡ್ಡಾದಿಡ್ಡಿ ಬಿದ್ದಿರುತ್ತದಲ್ಲ, ಹಾಗೆ. ಎಲೆಗೂ ಎಲೆಗೂ ನಡುವೆ ಗಾಳಿ. ಅದರ ಮೇಲೆ ಎಲೆಯಲ್ಲಿ ರಾಳದ ಅಂಶ. ಬೇಗ ಕೊಳೆಯುವುದೂ ಇಲ್ಲ. ಇಳಿಜಾರಿನಲ್ಲಿ ಅದರ ಮೇಲೆ ಕಾಲಿಟ್ಟರೆ ಜಾರುತ್ತೀರಿ. ಹುಲ್ಲು ತರಲು ಹೋದ ಹೆಣ್ಣುಮಕ್ಕಳು, ದನಗಳು ಜಾರಿ ಬಿದ್ದು ಕೈಕಾಲು ಮುರಿದುಕೊಳ್ಳುವುದು ಅಲ್ಲಿ ಹೊಸ ಸುದ್ದಿಯೇನಲ್ಲ. ಪಿರೂಲಿಗೆ ಬೆಂಕಿ ಇಡುವುದಕ್ಕೆ ಇದೂ ಒಂದು ಕಾರಣ. ಸುಟ್ಟರೆ ದಾರಿ ಚೊಕ್ಕವಾಗುತ್ತದೆ, ಮಳೆ ಬಿದ್ದ ಮೇಲೆ ಹಸಿರು ಹುಲ್ಲು ಬರುತ್ತದೆ.

ಇಂಥ ಹಾಸಿಗೆ ಕಿಡಿ ಬಿದ್ದರೆ ಏನಾಗುತ್ತದೆ? ಬೆಂಕಿ ನೆಲದ ಮೇಲೆ ಓಡುತ್ತದೆ. ಚಿರ್ ಕಾಡಿನಲ್ಲಿ ಮರದ ತಲೆಯಿಂದ ತಲೆಗೆ ಹಾರುವ ಬೆಂಕಿ ಅಪರೂಪ. ಮರಗಳು ದೂರ ದೂರ ಇರುತ್ತವೆ, ದೊಡ್ಡ ಮರದ ಕೆಳಗಿನ ಕೊಂಬೆಗಳು ಉದುರಿ ಹೋಗಿರುತ್ತವೆ. ಬೆಂಕಿಗೆ ಹತ್ತಲು ಏಣಿ ಸಿಗುವುದಿಲ್ಲ. ಆದರೆ ಇಳಿಜಾರಿನಲ್ಲಿ ಮೇಲ್ಮುಖವಾಗಿ ಅದು ಹೋಗುವ ಜೋರು ನೋಡಿದರೆ ಎದೆ ನಡುಗುತ್ತದೆ. ಜ್ವಾಲೆ ಮೇಲಕ್ಕೆ ಬಾಗಿ ಮುಂದಿನ ಎಲೆಯನ್ನು ಮೊದಲೇ ಒಣಗಿಸಿ ಇಟ್ಟಿರುತ್ತದೆ. ಬೆಂಕಿ ಮೇಲಕ್ಕೇ ಹೋಗುತ್ತದೆ, ಕೆಳಗೆ ನಾವು ಕ್ಷೇಮ ಅಂದುಕೊಂಡರೆ ಅದೂ ತಪ್ಪು. ನಿಮ್ಮ ಕೈಯಲ್ಲಿರುವ ಆ ಕಾಯಿ ಇದೆಯಲ್ಲ, ಅದಕ್ಕೆ ಬೆಂಕಿ ಹತ್ತುತ್ತದೆ, ಉಂಡೆಯಾಕಾರ, ಹಗುರ, ಉರುಳುತ್ತದೆ. ಉರಿಯುತ್ತಲೇ ಗುಡ್ಡದಿಂದ ಕೆಳಕ್ಕೆ ಉರುಳಿ, ಬೆಂಕಿ ತಡೆಯಲು ಎಲೆ, ಹುಲ್ಲು ತೆಗೆದು ಕಷ್ಟಪಟ್ಟು ಮಾಡಿದ ಬರಿ ನೆಲದ ಪಟ್ಟಿಯನ್ನು, ಅಂದರೆ ಬೆಂಕಿ ರೇಖೆಯನ್ನು ದಾಟಿ, ಆ ಕಡೆಯ ಒಣ ಹಾಸಿನಲ್ಲಿ ಹೋಗಿ ಕೂರುತ್ತದೆ. ಅಲ್ಲಿಂದ ಹೊಸ ಬೆಂಕಿ ಮತ್ತೆ ಮೇಲಕ್ಕೆ ಹೊರಡುತ್ತದೆ. ಕಾವಲುಗಾರ ನಡುವೆ ಸಿಕ್ಕಿಹಾಕಿಕೊಳ್ಳುತ್ತಾನೆ. ಹಾಗಾಗಿ ಅಲ್ಲಿ ಅನುಭವ ಇದ್ದವರು ಬೆಂಕಿಯ ಕೆಳ ಅಂಚಿಗೆ ಅಡ್ಡಲಾಗಿ ಕಾಲುವೆ ತೋಡುತ್ತಾರೆ, ಉರುಳಿ ಬಂದ ಕಾಯಿ ಅದರಲ್ಲಿ ಬಿದ್ದು ನಿಲ್ಲಲಿ ಅಂತ.

ಇಷ್ಟೆಲ್ಲ ಆದರೂ ದೊಡ್ಡ ಚಿರ್ ಸಾಯುವುದಿಲ್ಲ. ಯಾಕೆ ಅಂದರೆ ತೊಗಟೆ. ಬಲಿತ ಮರದ ತೊಗಟೆ ಎರಡು ಇಂಚಿನ ತನಕ ದಪ್ಪ ಇರುತ್ತದೆ, ಬಿರುಕು ಬಿಟ್ಟ ಹಲಗೆ ಹಲಗೆಯಾಗಿ. ಹೊರಗಿನದು ಕರಕಲಾದರೂ ಒಳಗಿನ ಜೀವಂತ ಪದರಕ್ಕೆ ಬಿಸಿ ತಲುಪುವ ಹೊತ್ತಿಗೆ ಬೆಂಕಿ ಮುಂದೆ ಹೋಗಿಬಿಟ್ಟಿರುತ್ತದೆ. ಇನ್ನೂ ಒಂದು ವಿಷಯ ನನಗೆ ಬಹಳ ಇಷ್ಟ. ಪೈನ್ ಜಾತಿಯ ಮರಗಳನ್ನು ಕಡಿದರೆ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ. ನಮ್ಮ ಹೊಂಗೆ, ಬೇವು, ತೇಗದ ಹಾಗಲ್ಲ ಅವು. ಆದರೆ ಚಿರ್ ಸಸಿ ಸಣ್ಣದಿದ್ದಾಗ ಸುಟ್ಟು ಹೋದರೆ ಬುಡದಿಂದ ಮತ್ತೆ ಚಿಗುರೊಡೆಯುತ್ತದೆ. ತಲತಲಾಂತರದಿಂದ ಬೆಂಕಿಯ ಜೊತೆ ಬಾಳಿದ ಮರ ಅಂತ ಹೇಳಲು ಇದಕ್ಕಿಂತ ಸಾಕ್ಷಿ ಬೇಕಾ?

ಬೀಜದ ವಿಷಯಕ್ಕೆ ಬಂದರೆ ತಿಂಗಳ ಲೆಕ್ಕ ಶುರು. ಕಾಯಿ ಬಿರಿಯುವುದು ಬೇಸಿಗೆಯ ಶಾಖಕ್ಕೆ, ಏಪ್ರಿಲ್-ಮೇ ಹೊತ್ತಿಗೆ. ರೆಕ್ಕೆ ಇರುವ ಬೀಜ ಗಾಳಿಯಲ್ಲಿ ಹಾರಿ ಬಂದು ಬೀಳುತ್ತದೆ, ಜುಲೈ ಮಳೆಗೆ ಮೊಳಕೆ ಬರುತ್ತದೆ. ಮೊಳಕೆಗೆ ಬೇಕಾದ್ದು ಎರಡೇ: ಬರಿ ಮಣ್ಣು, ಬೇಕಾದಷ್ಟು ಬೆಳಕು. ದಪ್ಪ ಪಿರೂಲಿನ ಮೇಲೆ ಬಿದ್ದ ಬೀಜದ ಬೇರು ಮಣ್ಣು ಮುಟ್ಟುವ ಮೊದಲೇ ಒಣಗುತ್ತದೆ. ಅಂದರೆ ಬೀಜ ಬೀಳುವ ಮೊದಲು, ಚಳಿಗಾಲದಲ್ಲಿ ಒಂದು ಸಣ್ಣ ಬೆಂಕಿ ಹಾದು ಹೋಗಿದ್ದರೆ ಬೀಜಕ್ಕೆ ಹಾಸಿಗೆ ಸಿದ್ಧವಾದಂತೆ. ಬೀಜ ಬಿದ್ದ ಮೇಲೆ, ಮೇ ಕೊನೆಯಲ್ಲಿ ಬೆಂಕಿ ಬಂದರೆ ಬೀಜವೇ ಹುರಿದು ಹೋಗುತ್ತದೆ.

ಹಾಗಾದರೆ ಬೆಂಕಿಯಿಂದ ಚಿರ್‌ಗೆ ಲಾಭವೇ ಅಲ್ವಾ, ಆಮೇಲೆ ಗಲಾಟೆ ಯಾಕೆ? ಗಲಾಟೆ ಅದರ ಪಕ್ಕದ ಮನೆಯವನದು. ಚಿರ್ ಕಾಡಿನ ಮೇಲ್ಗಡೆ, ತೇವ ಇರುವ ಕಣಿವೆಗಳಲ್ಲಿ ಬಾಂಜ್ ಎಂಬ ಓಕ್ ಮರ ಇದೆ. ಉತ್ತರಾಖಂಡದ ಕುಮಾವೂಂ, ಗಢವಾಲ ಸೀಮೆಗಳ ರೈತನಿಗೆ ಬಾಂಜ್ ಅಂದರೆ ಪ್ರಾಣ. ಅದರ ಸೊಪ್ಪು ದನಕ್ಕೆ ಮೇವು, ಒಣಗಿದ ಎಲೆ ಕೊಟ್ಟಿಗೆಗೆ ಹಾಸು, ಆಮೇಲೆ ಅದೇ ಗೊಬ್ಬರ, ಕಟ್ಟಿಗೆ ಒಲೆಗೆ. ಚಿರ್ ಎಲೆಯನ್ನು ದನ ಮೂಸುವುದೂ ಇಲ್ಲ. ಬಾಂಜ್ ಮರದ ತೊಗಟೆ ಚಿರ್‌ನಷ್ಟು ಬೆಂಕಿ ತಡೆಯುವುದಿಲ್ಲ, ಅದರ ಸಸಿಗಳು ಮತ್ತೆ ಮತ್ತೆ ಬರುವ ಬೆಂಕಿಗೆ ಸೋಲುತ್ತವೆ. ಒಂದು ಕಡೆ ಜನ ಸೊಪ್ಪಿಗಾಗಿ ಬಾಂಜ್ ಕೊಂಬೆಗಳನ್ನು ಕಡಿದು ಕಡಿದು ಕಾಡಿನೊಳಗೆ ಬಿಸಿಲು ಬೀಳುವ ಹಾಗೆ ಮಾಡುತ್ತಾರೆ, ಇನ್ನೊಂದು ಕಡೆ ಕೆಳಗಿನಿಂದ ಬೆಂಕಿ ಬರುತ್ತದೆ. ತೆರೆದ ಜಾಗಕ್ಕೆ ಮೊದಲು ಬಂದು ಕೂರುವುದು ರೆಕ್ಕೆ ಬೀಜದ ಚಿರ್. ಅಲ್ಲಿಗೆ ಅದರ ಎಲೆ ಬೀಳುತ್ತದೆ, ಮುಂದಿನ ಬೆಂಕಿ ಇನ್ನಷ್ಟು ಮೇಲಕ್ಕೆ ಹತ್ತುತ್ತದೆ.

ಚಿರ್ ನೀರೆಲ್ಲ ಕುಡಿದು ಊರ ಒರತೆ ಬತ್ತಿಸಿತು ಅಂತಲೂ ಅಲ್ಲಿ ಹೇಳುತ್ತಾರೆ. ನಮ್ಮಲ್ಲಿ ನೀಲಗಿರಿ ಮರದ ಮೇಲೆ ಇದೇ ಆರೋಪ ಇದೆ, 2017ರಲ್ಲಿ ನಮ್ಮ ಸರ್ಕಾರ ಅದನ್ನು ನೆಡುವುದನ್ನೇ ನಿಲ್ಲಿಸಿತು. ಚಿರ್ ವಿಷಯದಲ್ಲಿ ನನಗೆ ಮರಕ್ಕಿಂತ ಬೆಂಕಿಯ ಮೇಲೆ ಅನುಮಾನ ಜಾಸ್ತಿ. ಮೇ ತಿಂಗಳಲ್ಲಿ ಬೋಳಾಗಿ ಸುಟ್ಟ ಇಳಿಜಾರಿನ ಮೇಲೆ ಜೂನ್ ಕೊನೆಗೆ ಮುಂಗಾರು ಹೊಡೆದರೆ ನೀರು ಇಂಗುವುದಾದರೂ ಎಲ್ಲಿ? ಮಣ್ಣನ್ನೂ ಎಳೆದುಕೊಂಡು ಹಳ್ಳಕ್ಕೆ ಹೋಗುತ್ತದೆ.

ಪ್ರತಿ ವರ್ಷ ಬೆಂಕಿ ಬಂದರೆ ಚಿರ್‌ಗೂ ಕೇಡೇ. ಸುಟ್ಟ ಸಸಿ ಚಿಗುರುತ್ತದೆ ಅಂದೆ. ಎಷ್ಟು ಸಲ ಚಿಗುರೀತು? ದೊಡ್ಡ ಮರಗಳು ಠೀವಿಯಿಂದ ನಿಂತಿರುತ್ತವೆ, ಕೆಳಗೆ ಒಂದು ಮರಿಯೂ ಇರುವುದಿಲ್ಲ. ಹೊರಗಿನವರು ನೋಡಿ ಎಂಥ ಕಾಡು ಅನ್ನುತ್ತಾರೆ. ಅದು ಮಕ್ಕಳಿಲ್ಲದ ಊರು.

ಈಗ ಕಾಡನ್ನು ನೋಡಿಕೊಳ್ಳುವವರ ಕತೆ. 1860ರ ದಶಕದಲ್ಲಿ ಮಧ್ಯ ಭಾರತದ ಬೋರಿ ಕಾಡಿನಲ್ಲಿ ಬ್ರಿಟಿಷರು ಮೊದಲ ಸಲ ಪಟ್ಟು ಹಿಡಿದು ಬೆಂಕಿ ತಡೆಯಲು ಹೊರಟರು. ಅದು ಕೈಗೂಡಿತು ಅನ್ನಿಸಿದ ಮೇಲೆ ಬೆಂಕಿ ಅಂದರೆ ಪಾಪ ಅನ್ನುವ ನಂಬಿಕೆ ಇಲಾಖೆಯಲ್ಲಿ ಬೇರೂರಿತು. ಕೆಲವು ದಶಕ ಕಳೆಯಿತು. ತೇವ ಜಾಸ್ತಿ ಇರುವ ಸಾಲ್ ಮರದ ಕಾಡುಗಳಲ್ಲಿ ಬೆಂಕಿ ಪೂರಾ ನಿಲ್ಲಿಸಿದ ಕಡೆ ಹೊಸ ಸಸಿಯೇ ಏಳುತ್ತಿಲ್ಲ ಅಂತ ಅವರದೇ ಅಧಿಕಾರಿಗಳು ಗೊಣಗತೊಡಗಿದರು. ಆಮೇಲೆ ಸದ್ದಿಲ್ಲದೆ ಇಲಾಖೆಯೇ ಬೆಂಕಿ ಹಚ್ಚಲು ಶುರು ಮಾಡಿತು. ಹಳ್ಳಿಯವನು ಹಚ್ಚಿದರೆ ಅಪರಾಧ, ಇಲಾಖೆ ಹಚ್ಚಿದರೆ ವಿಜ್ಞಾನ. ತಮಾಷೆ ಅನ್ನಿಸಿದರೂ ಇದರಲ್ಲಿ ಅರ್ಧ ಸತ್ಯ ಇದೆ, ಅರ್ಧ ಅನ್ಯಾಯ ಇದೆ.

ಚಿರ್ ಕಾಡಿನ ಮೇಲೆ ಸರ್ಕಾರಕ್ಕೆ ಕಣ್ಣು ಬಿದ್ದದ್ದು ಎರಡು ಕಾರಣಕ್ಕೆ. ರೈಲ್ವೆ ಹಳಿಯ ಸ್ಲೀಪರ್, ಮತ್ತು ರಾಳ. ರಾಳದಿಂದ ಟರ್ಪೆಂಟೈನ್ ಬರುತ್ತದೆ, ಉಳಿದದ್ದು ರೋಸಿನ್. ಪೇಂಟು, ಸೋಪು, ಕಾಗದ, ಎಲ್ಲದಕ್ಕೂ ಬೇಕು. 1911ರಿಂದ 1917ರ ನಡುವೆ ಕುಮಾವೂಂನ ಬಹಳಷ್ಟು ಕಾಡನ್ನು ಮೀಸಲು ಅರಣ್ಯ ಮಾಡಿದರು. ಜನರ ಹುಲ್ಲು, ಮೇವು, ಕಟ್ಟಿಗೆಗೆ ಕಟ್ಟುಪಾಡು ಬಂತು. ಬೇಸಿಗೆಯಲ್ಲಿ ಹುಲ್ಲಿಗಾಗಿ ಸುಡುತ್ತಿದ್ದ ಹಳೆ ರೂಢಿ ಜೈಲಿಗೆ ಹೋಗುವ ಅಪರಾಧ ಆಯಿತು. 1921ರ ಜನವರಿಯಲ್ಲಿ ಬಾಗೇಶ್ವರದ ಉತ್ತರಾಯಣಿ ಜಾತ್ರೆಯಲ್ಲಿ ಜನ ಬಿಟ್ಟಿ ಕೂಲಿಯ ಲೆಕ್ಕದ ಪುಸ್ತಕಗಳನ್ನು ಸರಯೂ ನದಿಗೆ ಎಸೆದರು. ಅದೇ ಬೇಸಿಗೆಯಲ್ಲಿ ಕುಮಾವೂಂನ ಕಾಡುಗಳಿಗೆ ಬೆಂಕಿ ಬಿತ್ತು. ಇದರಲ್ಲಿ ಒಂದು ಸೂಕ್ಷ್ಮ ಇದೆ, ವಿದ್ಯಾರ್ಥಿಗಳು ಗಮನಿಸಿ. ಜನ ಸುಟ್ಟದ್ದು ಹೆಚ್ಚಾಗಿ ಚಿರ್ ಕಾಡನ್ನು, ಸರ್ಕಾರಕ್ಕೆ ದುಡ್ಡು ತರುತ್ತಿದ್ದ ಕಾಡನ್ನು. ತಮ್ಮ ಹೊಟ್ಟೆಗೆ ಬೇಕಾದ ಬಾಂಜ್ ಕಾಡಿನ ತಂಟೆಗೆ ಹೋಗಲಿಲ್ಲ. ತಲೆಕೆಟ್ಟವರು ಹಚ್ಚಿದ ಬೆಂಕಿ ಹೀಗೆ ಮರ ಆರಿಸಿಕೊಂಡು ಉರಿಯುವುದಿಲ್ಲ.

ಸರ್ಕಾರ ಸಮಿತಿ ಮಾಡಿತು, ಒಂದಷ್ಟು ಕಾಡನ್ನು ಮೀಸಲಿನಿಂದ ಸಡಿಲಿಸಿತು, 1931ರಲ್ಲಿ ವನ ಪಂಚಾಯತಿ ನಿಯಮ ತಂದಿತು. ಊರಿನವರೇ ಆರಿಸಿದ ಪಂಚಾಯತಿ ಊರ ಕಾಡನ್ನು ನೋಡಿಕೊಳ್ಳುವ ಏರ್ಪಾಡು ಅದು. ಉತ್ತರಾಖಂಡದಲ್ಲಿ ಈಗಲೂ ಅಂಥ ಪಂಚಾಯತಿಗಳು 11,000ಕ್ಕೂ ಜಾಸ್ತಿ ಇವೆ.

ರಾಳದ ಮಾತು ಬಂತು, ಅದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹಳೆ ಪದ್ಧತಿಯಲ್ಲಿ ಮರದ ಬುಡದ ಹತ್ತಿರ ತೊಗಟೆ ಕೆತ್ತಿ, ಒಳಗಿನ ಮರಕ್ಕೂ ಗಾಯ ಮಾಡಿ, ಕೆಳಗೆ ತಗಡಿನ ತುಟಿ ಸಿಕ್ಕಿಸಿ ಒಂದು ಬಟ್ಟಲು ತೂಗುಹಾಕುತ್ತಿದ್ದರು. ವಾರ ವಾರ ಗಾಯವನ್ನು ಹೊಸದಾಗಿ ಕೆತ್ತಬೇಕು, ಇಲ್ಲದಿದ್ದರೆ ರಾಳ ಹೆಪ್ಪುಗಟ್ಟುತ್ತದೆ. ವರ್ಷ ಕಳೆದಂತೆ ಗಾಯ ಮೇಲೆ ಮೇಲೆ ಹೋಗುತ್ತದೆ. ಈಗ ಯೋಚನೆ ಮಾಡಿ. ಮರವನ್ನು ಕಾಯುವುದೇ ದಪ್ಪ ತೊಗಟೆ. ಅದನ್ನು ಕಿತ್ತು, ಬರಿ ಮರದ ಮೇಲೆ ರಾಳ ಸುರಿಸಿ, ಅದೂ ನೆಲದ ಬೆಂಕಿ ಮುಟ್ಟುವ ಎತ್ತರದಲ್ಲಿ. ಬೆಂಕಿ ಬಂದಾಗ ಆ ಗಾಯ ಹೊತ್ತಿಕೊಳ್ಳುತ್ತದೆ, ಬುಡ ಟೊಳ್ಳಾಗುತ್ತದೆ, ಮುಂದಿನ ಬಿರುಗಾಳಿಗೆ ನೂರಡಿ ಮರ ಮಗುಚುತ್ತದೆ. ಬೆಂಕಿಗೆ ಬಿದ್ದ ಮರ ಅಂತ ಬರೆದುಕೊಳ್ಳುತ್ತಾರೆ. ಕೊಂದದ್ದು ಬೆಂಕಿಯಾ, ಬಟ್ಟಲಾ? ಆಮೇಲೆ ತೆಳುವಾಗಿ ಗೀರುವ ಪದ್ಧತಿ ಬಂತು, ಗಾಯ ಆಳ ಇರುವುದಿಲ್ಲ. ಒಳ್ಳೆಯದೇ. ಆದರೆ ಹಳೆ ಗಾಯದ ಮರಗಳು ಇನ್ನೂ ನಿಂತಿವೆ.

ಚಿರ್ ಕಾಡಿನಲ್ಲಿ ಇಲಾಖೆಯ ಬೆಂಕಿ ಹೇಗಿರುತ್ತಿತ್ತು ಅನ್ನುವುದನ್ನು ಇಲ್ಲಿನ ಕಾವಲುಗಾರರು ಕೇಳಿಸಿಕೊಳ್ಳಬೇಕು. ಕಾಲ ಚಳಿಗಾಲ, ಡಿಸೆಂಬರಿನಿಂದ ಫೆಬ್ರವರಿ. ಇಬ್ಬನಿ ಆರಿರಬೇಕು, ಆದರೆ ನೆಲದಲ್ಲಿ ತೇವ ಇರಬೇಕು. ಗಾಳಿ ಇರಬಾರದು. ಮೊದಲು ರಾಳ ತೆಗೆದ ಮರಗಳ ಬುಡದಿಂದ ಎಲೆಯನ್ನು ಕುಂಟೆ ಹಾಕಿ ಎಳೆದು ದೂರ ಮಾಡುತ್ತಾರೆ. ಬೆಂಕಿಯನ್ನು ಗುಡ್ಡದ ಮೇಲಿನ ಅಂಚಿನಲ್ಲಿ ಹಚ್ಚಿ ಕೆಳಗೆ ಇಳಿಸಿಕೊಂಡು ಬರುತ್ತಾರೆ. ಕೆಳಮುಖದ ಬೆಂಕಿ ನಿಧಾನ, ಮೊಣಕಾಲಿಗಿಂತ ಮೇಲೆ ಏಳುವುದಿಲ್ಲ. ಹಿಂದಿನ ವರ್ಷದ ಎಲೆ ಸುಟ್ಟು ಹೋಗುತ್ತದೆ. ಏಪ್ರಿಲಿನಲ್ಲಿ ಹೊಸ ಎಲೆ ಬಿದ್ದರೂ ಅದು ಒಂದೇ ಪದರ. ಇನ್ನು ಸಸಿ ಎಬ್ಬಿಸಬೇಕಾದ ಕಡೆ ಲೆಕ್ಕ ಬೇರೆ. ಬೀಜಕ್ಕೆ ಅಂತ ಕೆಲವು ದೊಡ್ಡ ಮರಗಳನ್ನು ಮಾತ್ರ ಉಳಿಸಿ, ಮೊಳಕೆ ಬಂದ ಮೇಲೆ ಆ ತುಂಡಿಗೆ ವರ್ಷಗಟ್ಟಲೆ ಬೆಂಕಿ ಮುಟ್ಟಿಸಬಾರದು. ಸಸಿ ಮರವಾಗಿ ತೊಗಟೆ ಗಟ್ಟಿಯಾದ ಮೇಲೆ ಮತ್ತೆ ಚಳಿಗಾಲದ ಬೆಂಕಿ. ಅಂದರೆ ಒಂದೇ ಗುಡ್ಡದಲ್ಲಿ ಈ ತುಂಡಿಗೆ ಬೆಂಕಿ ಬೇಕು, ಪಕ್ಕದ ತುಂಡಿಗೆ ಬೇಡ. ಯಾವುದು ಯಾವುದು ಅಂತ ನೆನಪಿಟ್ಟುಕೊಳ್ಳುವವನು ಇರಬೇಕು.

ಆ ನೆನಪಿಟ್ಟುಕೊಳ್ಳುವ ಕೆಲಸವೇ ಕೈಬಿಟ್ಟು ಹೋದದ್ದು ಅಂತ ನನ್ನ ಅನಿಸಿಕೆ. 1981ರಲ್ಲಿ 1,000 ಮೀಟರಿಗಿಂತ ಮೇಲೆ ಹಸಿ ಮರ ಕಡಿಯುವುದನ್ನು ನಿಲ್ಲಿಸಿದರು. ಚಿಪ್ಕೋ ಚಳವಳಿಯ ನಂತರದ ದಿನಗಳು, ನಿಲ್ಲಿಸಿದ್ದಕ್ಕೆ ಕಾರಣ ಇತ್ತು. ಆದರೆ ದುಡ್ಡು ತರದ ಕಾಡಿಗೆ ಖರ್ಚು ಮಾಡುವವರೂ ಕಮ್ಮಿ. ಊರಿನ ಗಂಡಸರು ಕೆಲಸ ಹುಡುಕಿ ಬಯಲು ಸೀಮೆಗೆ ಹೋದರು. ಬೆಂಕಿ ಬಿದ್ದರೆ ಓಡಿ ಬರುವ ಕಾಲುಗಳು ಊರಲ್ಲಿ ಉಳಿದಿಲ್ಲ. ಕಾಯಿದೆಯಲ್ಲಿ ಇದೆ, 1927ರ ಅರಣ್ಯ ಕಾಯಿದೆಯ 79ನೇ ಕಲಂ ಪ್ರಕಾರ ಕಾಡಿನಿಂದ ಸವಲತ್ತು ಪಡೆಯುವವರು ಬೆಂಕಿ ಆರಿಸಲು ನೆರವಾಗಬೇಕು. ಸವಲತ್ತೇ ಇಲ್ಲ ಅನ್ನಿಸಿದವನು ಯಾಕೆ ಬರುತ್ತಾನೆ, ಹೇಳಿ.

ಸ್ವಲ್ಪ ದಾರಿ ತಪ್ಪಿ ಅಮೆರಿಕಕ್ಕೆ ಹೋಗಿ ಬರೋಣ. ಅಲ್ಲಿನ ಆಗ್ನೇಯ ರಾಜ್ಯಗಳಲ್ಲಿ ಲಾಂಗ್‌ಲೀಫ್ ಅನ್ನುವ ಪೈನ್ ಇದೆ. ಒಂದು ಕಾಲಕ್ಕೆ ಅದು ಸುಮಾರು 9 ಕೋಟಿ ಎಕರೆ ಹರಡಿತ್ತು. ಇದರ ಸಸಿ ಮೊದಲ ಕೆಲವು ವರ್ಷ ಎತ್ತರಕ್ಕೆ ಬೆಳೆಯುವುದೇ ಇಲ್ಲ, ಹುಲ್ಲಿನ ಬುಡದ ಹಾಗೆ ನೆಲಕ್ಕೆ ಅಂಟಿಕೊಂಡು ಕೂತಿರುತ್ತದೆ. ಬೇರು ಮಾತ್ರ ಇಳಿಸುತ್ತಿರುತ್ತದೆ. ಬೆಂಕಿ ಬಂದರೆ ಉದ್ದ ಎಲೆ ಸುಡುತ್ತವೆ, ನಡುವಿನ ಮೊಗ್ಗು ಉಳಿಯುತ್ತದೆ. ಎಲೆಗೆ ಬರುವ ಒಂದು ಬೂಸ್ಟಿನ ರೋಗವೂ ಜೊತೆಗೆ ಸುಟ್ಟು ಹೋಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಬೆಂಕಿ ಬಂದರೇ ಅದಕ್ಕೆ ಸುಖ. 1920ರ ದಶಕದ ಕೊನೆಯಲ್ಲಿ ಲಾರಿಗಳಲ್ಲಿ ಸಿನಿಮಾ ಯಂತ್ರ ಹೊತ್ತು ಊರೂರು ತಿರುಗಿ ಬೆಂಕಿ ಹಚ್ಚಬೇಡಿ ಅಂತ ಅಲ್ಲಿನ ರೈತರಿಗೆ ಬುದ್ಧಿ ಹೇಳಿದರು. ಮರ ಕಡಿದದ್ದು, ಹೊಲ ಮಾಡಿದ್ದು, ಬೆಂಕಿ ನಿಲ್ಲಿಸಿದ್ದು, ಎಲ್ಲ ಸೇರಿ ಕಾಡು ಮೂರು ಪರ್ಸೆಂಟಿಗೆ ಇಳಿಯಿತು. ಈಗ ಅದೇ ಸೀಮೆಯಲ್ಲಿ ತರಬೇತಿ ಕೊಟ್ಟು, ಆವತ್ತಿನ ಗಾಳಿ-ತೇವ ನೋಡಿ ಪರವಾನಗಿ ಕೊಟ್ಟು ಸುಡಿಸುತ್ತಾರೆ. ಫ್ಲಾರಿಡಾ ಒಂದರಲ್ಲೇ ವರ್ಷಕ್ಕೆ 20 ಲಕ್ಷ ಎಕರೆಯಷ್ಟು. ಪರವಾನಗಿ ಸಿಗುವುದು ಖಾಸಗಿ ಜಮೀನಿನವನಿಗೂ. ಅದು ನನಗೆ ಹಿಡಿಸಿದ ಭಾಗ.

ನಮ್ಮ ದೇಶದಲ್ಲಿ ಸದ್ಯಕ್ಕೆ ಜಾಸ್ತಿ ಸದ್ದು ಮಾಡುವ ಉಪಾಯ ಪಿರೂಲ್ ಖರೀದಿ. ಎಲೆ ಗುಡಿಸಿ ತಂದರೆ ದುಡ್ಡು. 2024ರ ಮೇನಲ್ಲಿ ಉತ್ತರಾಖಂಡ ಸರ್ಕಾರ ಕೆಜಿಗೆ 50 ರೂಪಾಯಿ ಕೊಡುವುದಾಗಿ ಹೇಳಿತು, ಅದಕ್ಕೂ ಮೊದಲು 3 ರೂಪಾಯಿ ಇತ್ತು. ಎಲೆ ಒತ್ತಿ ಉರುವಲಿನ ಇಟ್ಟಿಗೆ ಮಾಡುತ್ತಾರೆ, ಕರೆಂಟ್ ಮಾಡಲೂ ನೋಡಿದ್ದಾರೆ. ರಸ್ತೆ ಪಕ್ಕ, ಊರ ಹತ್ತಿರ, ಶಾಲೆಯ ಸುತ್ತ ಇದು ಬಹಳ ಒಳ್ಳೆಯ ಕೆಲಸ. ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಬರುತ್ತದೆ. ಆದರೆ 4 ಲಕ್ಷ ಹೆಕ್ಟೇರ್ ಕಾಡು, ಹೆಕ್ಟೇರಿಗೆ ಟನ್ನುಗಟ್ಟಲೆ ಎಲೆ, ಅದರಲ್ಲೂ ಮೇಕೆ ಹತ್ತಲು ಹೆದರುವ ಕಡಿದಾದ ಜಾಗ. ಬರೀ ಗುಡಿಸಿ ಬೆಂಕಿ ನಿಲ್ಲಿಸುತ್ತೇವೆ ಅಂದರೆ ನಾನು ನಂಬುವುದಿಲ್ಲ. ಹೆಲಿಕಾಪ್ಟರ್ ಇನ್ನೊಂದು. ವಾಯುಪಡೆಯ ಎಂಐ-17 ಭೀಮತಾಲ್ ಕೆರೆಯಿಂದ ನೀರು ಎತ್ತಿ ಸುರಿಯುವುದು ಟಿವಿಗೆ ಚೆನ್ನಾಗಿ ಕಾಣುತ್ತದೆ. ಅದು ಹಾರುವ ಹೊತ್ತಿಗೆ ಕೆಲಸ ಕೆಟ್ಟಾಗಿರುತ್ತದೆ.

ನನಗೆ ಇದೆಲ್ಲಕ್ಕಿಂತ ಹಿಡಿಸಿದ್ದು ಅಲ್ಮೋರಾ ಜಿಲ್ಲೆಯ ಶೀತ್ಲಾಖೇತ್ ಸುತ್ತಲಿನ ಹಳ್ಳಿಗಳು ಮಾಡಿದ ಕೆಲಸ. ಅಲ್ಲಿ ಶ್ಯಾಹಿದೇವಿ ಬೆಟ್ಟದ ಬಾಂಜ್ ಕಾಡಿದೆ, ಕೆಳಗೆ ಚಿರ್, ಅದರ ಕೆಳಗೆ ಹೊಲ. ಬೇಸಿಗೆ ಬಿತ್ತನೆಗೆ ಮುಂಚೆ ರೈತರು ಬದುವಿನ ಮುಳ್ಳು, ಕಳೆ, ಕುರುಚಲು ಕಡಿದು ರಾಶಿ ಹಾಕಿ ಸುಡುತ್ತಾರೆ. ನಾವು ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಸುಡುವ ಹಾಗೇ. ಆ ರಾಶಿಯನ್ನು ಅಲ್ಲಿ ಓಣ್ ಅನ್ನುತ್ತಾರೆ. ಏಪ್ರಿಲ್, ಮೇನಲ್ಲಿ ಹಚ್ಚಿದ ಓಣ್ ಗಾಳಿಗೆ ಸಿಕ್ಕಿ ಚಿರ್‌ಗೆ ಹೋಗುತ್ತದೆ, ಚಿರ್‌ನಿಂದ ಬಾಂಜ್‌ಗೆ. ಯಾರಿಗೂ ಕಾಡು ಸುಡುವ ಮನಸ್ಸಿರಲಿಲ್ಲ, ಆದರೂ ಕಾಡು ಸುಡುತ್ತಿತ್ತು. ಊರಿನ ಮಹಿಳಾ ಮಂಡಳಿಗಳು ಕೂತು ಒಂದು ನಿರ್ಧಾರ ಮಾಡಿದವು. ಸುಡುವುದು ಬೇಡ ಅಂತ ಅವರು ಹೇಳಲಿಲ್ಲ. ಮಾರ್ಚ್ 31ರೊಳಗೆ ಸುಟ್ಟು ಮುಗಿಸಿ ಅಂದರು. ಏಪ್ರಿಲ್ 1 ಓಣ್ ದಿವಸ. ಆವತ್ತಿನಿಂದ ಊರಲ್ಲಿ ಯಾರೂ ಬೆಂಕಿ ಹಚ್ಚುವ ಹಾಗಿಲ್ಲ. ಮಾರ್ಚಿನಲ್ಲಿ ಹೊಸ ಪಿರೂಲ್ ಇನ್ನೂ ಬಿದ್ದಿರುವುದಿಲ್ಲ, ನೆಲದಲ್ಲಿ ಚಳಿಗಾಲದ ತೇವ ಸ್ವಲ್ಪ ಉಳಿದಿರುತ್ತದೆ. ಕಿಡಿ ಹಾರಿದರೂ ದೂರ ಹೋಗುವುದಿಲ್ಲ. ಖರ್ಚು ಎಷ್ಟು? ಒಂದು ಸಭೆ, ಒಂದು ತಾರೀಕು. ಮೂಲದಲ್ಲಿ ಇರುವುದು ಇಷ್ಟೇ: ರೈತನ ಕೆಲಸ ನಿಲ್ಲಿಸಲಿಲ್ಲ, ತಿಂಗಳು ಹಿಂದಕ್ಕೆ ಸರಿಸಿದರು.

ಅದೇ ಅಲ್ಮೋರಾ ಜಿಲ್ಲೆಯಲ್ಲಿ ಬಿನ್ಸರ್ ಅಭಯಾರಣ್ಯ ಇದೆ. 2024ರ ಜೂನ್‌ನಲ್ಲಿ ಅಲ್ಲಿ ಬೆಂಕಿ ಆರಿಸಲು ಹೋದ ನಾಲ್ವರು ಸಿಬ್ಬಂದಿ ಸ್ಥಳದಲ್ಲೇ ಸತ್ತರು, ಇನ್ನೂ ಕೆಲವರು ಸುಟ್ಟ ಗಾಯಗಳೊಂದಿಗೆ ಆಸ್ಪತ್ರೆ ಸೇರಿದರು. ಈ ಸಭೆಯಲ್ಲಿ ಬೇಸಿಗೆಗೆ ಮಾತ್ರ ಕೆಲಸಕ್ಕೆ ಸೇರುವ ಕಾವಲುಗಾರರು ಇದ್ದೀರಿ. ನಿಮಗೆ ಅಂತಲೇ ಹೇಳುತ್ತೇನೆ. ಬೆಂಕಿ ಕೆಳಗಿದ್ದು ನೀವು ಮೇಲಿದ್ದರೆ ಅದನ್ನು ಬಡಿದು ಆರಿಸಲು ಇಳಿಯಬೇಡಿ. ಹಸಿ ಸೊಪ್ಪಿನ ಕೊಂಬೆ ಹಿಡಿದು ಎದುರಿಗೆ ನಿಲ್ಲುವುದು ಧೈರ್ಯ ಇರಬಹುದು, ಗುಡ್ಡಕ್ಕೆ ಅದು ಗೊತ್ತಾಗುವುದಿಲ್ಲ. ಪಕ್ಕದಿಂದ ಹೋಗಿ, ಸುಟ್ಟು ಕರಕಲಾದ ಜಾಗಕ್ಕೆ ಬೆನ್ನು ಕೊಟ್ಟು ನಿಲ್ಲಿ. ಸುಟ್ಟ ನೆಲ ಎರಡನೇ ಸಲ ಸುಡುವುದಿಲ್ಲ. ಕೊರಕಲಿನೊಳಗೆ ಇಳಿಯಬೇಡಿ, ಅದು ಹೊಗೆ ಕೊಳವೆಯ ಹಾಗೆ ಬೆಂಕಿಯನ್ನು ಎಳೆದುಕೊಳ್ಳುತ್ತದೆ. ನೈಲಾನ್ ಶರ್ಟ್ ಹಾಕಿಕೊಂಡು ಹೋಗಬೇಡಿ, ಹತ್ತಿ ಬಟ್ಟೆ ಇರಲಿ.

ಈಗ ಸಂಡೂರಿಗೆ ಬರೋಣ. ಚಿರ್ ಪಾಠವನ್ನು ಹಾಗೇ ಎತ್ತಿ ಇಲ್ಲಿ ಇಡಬೇಡಿ, ದಯವಿಟ್ಟು. ನಮ್ಮದು ಎಲೆ ಉದುರಿಸುವ ಕಾಡು. ಇಲ್ಲಿ ಉರಿಯುವುದು ಹೆಚ್ಚಾಗಿ ಹುಲ್ಲು, ಲಂಟಾನ, ಬಂದರಿಕೆ. ದಿಂಡಿಗ, ತೇಗದ ದೊಡ್ಡ ಮರ ತಡೆದುಕೊಂಡಾವು. ಶ್ರೀಗಂಧದ ಗಿಡಕ್ಕೆ ಬೆಂಕಿ ಆಗಿಬರುವುದೇ ಇಲ್ಲ. ಆಮೆ ಓಡಿ ತಪ್ಪಿಸಿಕೊಳ್ಳುವಷ್ಟು ಚುರುಕಲ್ಲ. ದರೋಜಿ ಕಡೆಯ ಕರಡಿಗಳಿಗೆ ಬೇಕಾದ ಹಣ್ಣಿನ ಪೊದೆಗಳೂ ಈ ಗುಡ್ಡಗಳಲ್ಲೇ ಇವೆ. ಪೈನ್‌ಗೆ ಬೆಂಕಿ ಒಳ್ಳೆಯದಂತೆ ಅಂತ ಹೇಳಿಕೊಂಡು ಯಾರಾದರೂ ಸ್ವಾಮಿಮಲೆ ಕಾಡಿಗೆ ಕಡ್ಡಿ ಗೀರಿದರೆ ಈ ಮಾತು ಆಡಿದ್ದಕ್ಕೆ ನಾನು ಪಶ್ಚಾತ್ತಾಪ ಪಡಬೇಕಾಗುತ್ತದೆ.

ಇಲ್ಲಿಗೆ ತರಬಹುದಾದ್ದು ತಿಂಗಳ ಲೆಕ್ಕ. ನಮ್ಮ ಹುಲ್ಲು ಹಿಂಗಾರು ಮುಗಿದ ಮೇಲೆ ಒಣಗುತ್ತಾ ಬರುತ್ತದೆ, ಫೆಬ್ರವರಿ ಹೊತ್ತಿಗೆ ಗರಿಗರಿ. 2019ರಲ್ಲಿ ಬಂಡೀಪುರ ಹೊತ್ತಿ ಉರಿದದ್ದೂ ಫೆಬ್ರವರಿಯಲ್ಲೇ. ಬೆಂಕಿ ರೇಖೆ ಕಡಿದು ಸುಡುವ ಕೆಲಸ ಅದಕ್ಕಿಂತ ಮೊದಲೇ ಮುಗಿದಿರಬೇಕು. ಬಿಲ್ಲು ಪಾಸಾಗಲಿಲ್ಲ, ಕೂಲಿ ಬರಲಿಲ್ಲ ಅಂತ ಮಾರ್ಚಿನಲ್ಲಿ ರೇಖೆ ಸುಡಲು ಹೋದರೆ ರೇಖೆಯೇ ಬೆಂಕಿಗೆ ತವರಾಗುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣೆ ಸಂಸ್ಥೆಯವರು 2004ರಿಂದ ಉಪಗ್ರಹ ನೋಡಿ ಬೆಂಕಿ ಸುಳಿವು ಕೊಡುತ್ತಿದ್ದಾರೆ. ಹೆಸರು, ಮೊಬೈಲ್ ನಂಬರ್ ನೋಂದಾಯಿಸಿದರೆ ನಿಮ್ಮ ಫೋನಿಗೇ ಮೆಸೇಜ್ ಬರುತ್ತದೆ. ಶಿಕ್ಷಕರು, ಹುಡುಗರು ಇದನ್ನು ಮಾಡಿಕೊಳ್ಳಬಹುದು. ಉಪಗ್ರಹ ಬೆಂಕಿಯ ಶಾಖ ಕಂಡು ಹೇಳುತ್ತದೆ, ಓಡುವವರು ಮಾತ್ರ ನೀವೇ.

ಹಿಂದೆ ಕೂತ ಯಜಮಾನರೊಬ್ಬರು ಆಗಲೇ ಕೈ ಎತ್ತಿದ್ದರು. "ಹುಲ್ಲು ಸುಡದಿದ್ರ ಉಣ್ಣಿ ಜಾಸ್ತಿ ಆಗ್ತಾವ ಸರ, ಕುರಿ ಸೊರಗ್ತಾವ. ನಾವೇನು ಸುಮ್ನೆ ಹಚ್ತೀವೇನು?" ಸುಮ್ನೆ ಹಚ್ಚುವುದಿಲ್ಲ, ಒಪ್ಪಿದೆ ಯಜಮಾನರೇ. ಕುಮಾವೂಂನ ಹೆಣ್ಣುಮಗಳೂ ಸುಮ್ನೆ ಹಚ್ಚುತ್ತಿರಲಿಲ್ಲ. ಉಣ್ಣಿ ನಿಮ್ಮ ಕುರಿಯ ಮೇಲಿದ್ದರೆ ಅದಕ್ಕೆ ಪಶು ಆಸ್ಪತ್ರೆಯ ಔಷಧಿ ಇದೆ, ಗುಡ್ಡ ಸುಡುವುದಕ್ಕಿಂತ ಅದು ಅಗ್ಗ. ಹುಲ್ಲಿಗಾಗಿ ಅಂದರೆ ಯಾವ ತುಂಡು ಹುಲ್ಲು ನಿಮಗೆ ನಿಜವಾಗಿ ಬೇಕು ಅಂತ ತೋರಿಸಿ. ಮೀಸಲು ಅರಣ್ಯದೊಳಗೆ ನೀವು ಹಚ್ಚುವ ಹಾಗಿಲ್ಲ, ಅದು ಕಾನೂನು. ಆದರೆ ನೀವು ಹೋಗಿ ಬರುವ ದಾರಿ, ಹಟ್ಟಿಯ ಸುತ್ತಲಿನ ಬೀಳು, ಕಾಡಂಚಿನ ಹೊಲದ ಬದು, ಇವನ್ನು ಇಂಥ ದಿನ, ಇಂಥವರು ಇದ್ದಾಗ ಮಾತ್ರ ಸುಡುವುದು ಅಂತ ಊರು ಮತ್ತು ಇಲಾಖೆ ಕೂತು ಬರೆದುಕೊಳ್ಳಬಹುದು. ದೀಪಾವಳಿ ಮುಗಿದ ವಾರದಲ್ಲಿ ಆ ಸಭೆ ಕರೆಯಿರಿ. ಹುಲ್ಲು ಆಗ ಇನ್ನೂ ಅರ್ಧ ಹಸಿ ಇರುತ್ತದೆ, ಮಾತಾಡಲು ಎಲ್ಲರಿಗೂ ಪುರುಸೊತ್ತೂ ಇರುತ್ತದೆ.